ಗೋಲು ಕೇಳುತ್ತಿದ್ದ ಮೌಶಿ

ಕುಸುಮಾ ಮೌಶಿ ಗೋಲನ್ನು ಕಿವಿಯಿಂದ ಗುರುತಿಸುತ್ತಿದ್ದರು. ಸ್ಟೇಡಿಯಮ್ಮಿನ ಕೂಗು ಮೆಲ್ಲಗೆ ಏರಿ ಒಡೆದರೆ ಯಾರೋ ದೂರದಿಂದ ಚೆಂಡು ತಂದು ಹೊಡೆದದ್ದು. ಕೂಗಿಗೆ ಮೊದಲು ಎಲ್ಲರೂ ಉಸಿರು ಹಿಡಿದರೆ ಪೆನಾಲ್ಟಿ. ಕೂಗಿನಲ್ಲಿ ನಗು ಬೆರೆತಿದ್ದರೆ ಎದುರಾಳಿಗಳು ತಮ್ಮ ಗೋಲಿಗೆ ತಾವೇ ಹೊಡೆದುಕೊಂಡದ್ದು. ಮುಂದಿನ ಸಾಲಿನವರು ಕುಳಿತ ಮೇಲೆ ವಿಚಾರಿಸಿದರೆ ಮೌಶಿ ಹೇಳಿದ್ದೇ ನಿಜವಾಗಿರುತ್ತಿತ್ತು. ಮೊದಮೊದಲು ಇದೊಂದು ಚಮತ್ಕಾರವೆಂದು ನಾನು ನಗುತ್ತಿದ್ದೆ. ಬೇರೆ ಗತಿಯಿಲ್ಲದೆ ಕಲಿತ ವಿದ್ಯೆ ಅದು ಎಂದು ತಿಳಿಯಲು ನನಗೆ ಅರ್ಧ ಸೀಸನ್ ಹಿಡಿಯಿತು.

೨೦೧೬ರ ಬೇಸಿಗೆ. ಮೈಸೂರಿನಲ್ಲಿ ಸಿವಿಲ್ ಇಂಜಿನಿಯರ್ ಆಗಿದ್ದವಳು ಈ ಪರದೇಶಕ್ಕೆ ಬಂದು ಕೆಲಸಕ್ಕೆ ಅರ್ಜಿ ಹಾಕುತ್ತಾ ಕೂತಿದ್ದೆ. ಕೂತು ಕೂತು ತಲೆ ಕೆಟ್ಟು, ವಾರಾಂತ್ಯಕ್ಕೆಂದು ಸರೋವರದ ದಂಡೆಯ ಒಂದು ಚಿಕ್ಕ ಫುಟ್‌ಬಾಲ್ ಸ್ಟೇಡಿಯಮ್ಮಿನಲ್ಲಿ ಜನರನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದೆ. ಹಳದಿ ಜಾಕೆಟ್ಟು, ಕಿವಿಗೊಂದು ವಾಕಿಟಾಕಿ. ಮೊದಲ ದಿನವೇ ಹೇಳಿಕೊಟ್ಟ ನಿಯಮ ಒಂದೇ: ಬೆನ್ನು ಮೈದಾನಕ್ಕೆ, ಮುಖ ಜನರಿಗೆ. ಆಟ ನೋಡುವಂತಿಲ್ಲ. ನನ್ನನ್ನು ಹಾಕಿದ್ದು ಗಾಲಿಕುರ್ಚಿಯವರ ಕಟ್ಟೆಯ ಹತ್ತಿರ. ಹದಿನಾಲ್ಕನೇ ಸಾಲಿನ ಹಿಂದೆ ಕಾಂಕ್ರೀಟಿನ ಆ ಕಟ್ಟೆ. ಅದರ ಮೇಲೆ ನಂಬರು ಬರೆದ ಹನ್ನೆರಡು ಜಾಗ.

ಏಳನೇ ನಂಬರಿನಲ್ಲಿ ಹಸಿರು ಜೆರ್ಸಿಯ ಮೇಲೆ ಇಳಕಲ್ ಸೀರೆಯ ಸೆರಗು ಹೊದ್ದು ಕೂತಿದ್ದ ಹೆಂಗಸನ್ನು ಕಂಡು ನಾನು ಸ್ವಲ್ಪ ಹೆಚ್ಚೇ ನೋಡಿದೆನೋ ಏನೋ. ಯಾರದೋ ಕಾಫಿ ನನ್ನ ಕೈಮೇಲೆ ಚೆಲ್ಲಿ ನಾನು "ಅಯ್ಯೋ ದೇವ್ರೇ" ಅಂದದ್ದೇ ತಡ, ಅವರ ಕಣ್ಣು ಅರಳಿತು.

"ಕನ್ನಡದಾಕಿ ಏನವಾ ನೀ? ಇಷ್ಟ್ ಎತ್ತರ ಅದೀಯಲ್ಲ, ನಿಮ್ಮವ್ವ ಏನ್ ತಿನ್ನಿಸಿ ಬೆಳಿಸಿದ್ಳು?"

"ಮೈಸೂರು, ಆಂಟಿ."

"ಆಂಟಿ ಗೀಂಟಿ ಬ್ಯಾಡ. ಮೌಶಿ ಅನ್ನು."

ಮೌಶಿ ಹುಬ್ಬಳ್ಳಿಯವರು. ಎರಡನೇ ವರ್ಷಕ್ಕೇ ಪೋಲಿಯೋ ಎರಡೂ ಕಾಲು ತೆಗೆದುಕೊಂಡಿತ್ತು. ತಂದೆ ರೈಲ್ವೆ ವರ್ಕ್‌ಶಾಪಿನ ತಂಡದ ಗೋಲ್‌ಕೀಪರ್. ಮಗಳನ್ನು ಸೈಕಲ್ಲಿನಲ್ಲಿ ಕರೆತಂದು ಗೋಲಿನ ಬಲೆಯ ಹಿಂದೆ ಒಂದು ಸ್ಟೂಲಿನ ಮೇಲೆ ಕೂರಿಸಿ ಆಡುತ್ತಿದ್ದರಂತೆ. "ನಮ್ಮಪ್ಪ ಬಿಟ್ಟ ಗೋಲು ಒಂದೂ ತಪ್ಪಿಸಿಲ್ಲ ನೋಡು ನಾ. ಎಲ್ಲಾ ನನ್ನ ಕಡೇನ ಬರತಿದ್ವು" ಎಂದು ನಗುತ್ತಿದ್ದರು. ಗಂಡನ ಜೊತೆ ಈ ದೇಶಕ್ಕೆ ಬಂದು, ಗಂಡ ಹೋದ ಮೇಲೆ ಪೋರ್ಟ್ ಕ್ರೆಡಿಟ್‌ನ ಅಪಾರ್ಟ್‌ಮೆಂಟಿನಲ್ಲಿ ಒಬ್ಬರೇ ಇದ್ದರು. ನಾನಿದ್ದ ಬೇಸ್‌ಮೆಂಟು ಅಲ್ಲಿಂದ ಎರಡು ಬೀದಿ ಆಚೆ. ಪಂದ್ಯದ ದಿನ ಒಂದೇ ಟ್ರೇನಿನಲ್ಲಿ ಹೋಗಿಬರುವುದು ರೂಢಿಯಾಯಿತು.

ಆ ಕಟ್ಟೆಯ ತೊಂದರೆ ಇಷ್ಟೇ. ಆಟ ತಣ್ಣಗಿರುವಾಗ ಎಲ್ಲ ಕಾಣುತ್ತಿತ್ತು. ಚೆಂಡು ಗೋಲಿನ ಹತ್ತಿರ ಬಂತೋ, ಮುಂದಿನ ಸಾಲುಗಳು ಎದ್ದು ನಿಲ್ಲುತ್ತಿದ್ದವು. ಕುರ್ಚಿಯಲ್ಲಿದ್ದವರಿಗೆ ಕಾಣುವುದು ಬರೀ ಬೆನ್ನುಗಳು. ಐದು ವರ್ಷದಿಂದ ಒಂದು ಪಂದ್ಯವನ್ನೂ ತಪ್ಪಿಸದ ಮೌಶಿ ಆ ಸ್ಟೇಡಿಯಮ್ಮಿನಲ್ಲಿ ಒಂದೇ ಒಂದು ಗೋಲನ್ನೂ ಕಣ್ಣಾರೆ ನೋಡಿರಲಿಲ್ಲ. "ಹತ್ತಸ್ತೀವಿ ಅಂತಾರ, ಇಳಸ್ತೀವಿ ಅಂತಾರ, ಲಿಫ್ಟ್ ಅದ, ಟಾಯ್ಲೆಟ್ ಅದ ಅಂತಾರ. ಆಟ ತೋರಸ್ತೀವಿ ಅಂತ ಒಬ್ರೂ ಅನ್ನಂಗಿಲ್ಲ ನೋಡವಾ. ಒಂದ ಗೋಲು ನೋಡಬೇಕು. ಒಂದ ಸಾಕು."

ನನ್ನೊಳಗಿನ ಇಂಜಿನಿಯರಿಗೆ ಕೋಪ ಬಂತು. ಕಟ್ಟೆಯನ್ನು ಇನ್ನೊಂದೂವರೆ ಅಡಿ ಎತ್ತರಿಸಿದ್ದರೆ ಮುಗಿದುಹೋಗುತ್ತಿತ್ತು. ಮೌಶಿಯ ಅಡುಗೆಮನೆಯ ಟೇಬಲ್ಲಿನ ಮೇಲೆ ನಕ್ಷೆ ಬರೆದೆ. ಅವರು ಸ್ಟೇಡಿಯಮ್ಮಿನ ಆಫೀಸಿಗೆ ಪತ್ರ ಬರೆದರು. ಆಫೀಸಿನಿಂದ ಬಂದವನೊಬ್ಬ ತುಂಬ ವಿನಯದಿಂದ, ದೊಡ್ಡ ಪರದೆ ಇದೆಯಲ್ಲ ಮೇಡಂ, ಅದರಲ್ಲಿ ಮತ್ತೆ ತೋರಿಸುತ್ತೇವಲ್ಲ ಎಂದ. ಮೌಶಿ ಅವನಿಗೆ ನಗುನಗುತ್ತಲೇ ಇಂಗ್ಲಿಷಿನಲ್ಲಿ ಥ್ಯಾಂಕ್ಸ್ ಹೇಳಿ ನನ್ನ ಕಡೆ ತಿರುಗಿದರು: "ಪರದೆ ಮ್ಯಾಲೆ ನೋಡೋದಾಗಿದ್ರ ಮನ್ಯಾಗ ಚಹಾ ಕುಡಕೋಂತ ನೋಡ್ತಿದ್ದಿಲ್ಲೇನು?" ಪತ್ರಗಳು ಮುಂದುವರಿದವು. ಪ್ರತಿಯೊಂದರ ಜೊತೆ ನನ್ನ ನಕ್ಷೆ.

ಈ ಮಧ್ಯೆ ನಮ್ಮಿಬ್ಬರಲ್ಲಿ ಒಂದು ಒಪ್ಪಂದವಾಗಿತ್ತು. ನಾನು ಆಟಕ್ಕೆ ಬೆನ್ನು ಮಾಡಿ ಮೆಟ್ಟಿಲ ಪಕ್ಕದಲ್ಲಿ ನಿಂತಿರುತ್ತಿದ್ದೆ; ಕಾಣುವಷ್ಟು ಹೊತ್ತು ಮೌಶಿ ನನಗೆ ಆಟ ಹೇಳುತ್ತಿದ್ದರು. "ಬಂದಾ, ಬಂದಾ, ಗಿಡ್ಡ ಬಂದಾ... ಥೂ, ಕೊಟ್ಟಬಿಟ್ಟ ಅವರಿಗೆ, ಹುಚ್ಚಪ್ಪ!" ಆಮೇಲೆ ಬೆನ್ನುಗಳ ಗೋಡೆ ಏಳುತ್ತಿತ್ತು, ಅವರ ಮಾತು ನಿಲ್ಲುತ್ತಿತ್ತು, ಕಣ್ಣು ಮುಚ್ಚಿ ಕಿವಿಗೊಡುತ್ತಿದ್ದರು. ಗೋಲಿನ ಹೊತ್ತಿಗೆ ಇಡೀ ಸ್ಟೇಡಿಯಮ್ಮಿನಲ್ಲಿ ಏನೂ ಕಾಣದವರು ನಾವಿಬ್ಬರೇ ಎಂದು ತಮಾಷೆ ಮಾಡಿಕೊಳ್ಳುತ್ತಿದ್ದೆವು.

ಕಡೆಗೆ ಮೌಶಿ ಆಫೀಸನ್ನು ಬಿಟ್ಟು ಮುಂದಿನ ಸಾಲನ್ನೇ ಹಿಡಿದರು. ಅಲ್ಲಿ ಗ್ಲೆನ್ ಎಂಬ ಗಡ್ಡದ ದೈತ್ಯ, ಅವನ ಅಣ್ಣತಮ್ಮಂದಿರು, ಗೆಳೆಯರು, ಎಲ್ಲ ಖಾಯಂ ಗಿರಾಕಿಗಳು. ಹೊರಗಿನ ತಿಂಡಿ ಒಳಗೆ ಬಿಡುವಂತಿಲ್ಲ. ಮೌಶಿಯ ಸೆರಗಿನೊಳಗೆ ಶೇಂಗಾ ಹೋಳಿಗೆಯ ಡಬ್ಬಿ ಇರುವುದು ಗೊತ್ತಿದ್ದೂ ನಾನು ಬೇರೆ ಕಡೆ ನೋಡುತ್ತಿದ್ದೆ. ಆ ಸಾಲಿನವರೆಲ್ಲ ಎರಡು ಸೀಸನ್ ಮೌಶಿಯ ಹೋಳಿಗೆ ತಿಂದ ಮೇಲೆ, ೨೦೧೮ರ ಅಕ್ಟೋಬರಿನ ಕೊನೆಯ ಪಂದ್ಯದ ದಿನ, ಗ್ಲೆನ್ ಏಳನೇ ನಂಬರಿನ ಮುಂದೆ ಬಂದು ಮಂಡಿಯೂರಿ ಕೂತ. ಇವತ್ತು ಏನೇ ಆಗಲಿ, ಮುಂದಿನ ಸಾಲುಗಳಲ್ಲಿ ನಿಮಗೆ ಅಡ್ಡ ಬರುವ ನಾವ್ಯಾರೂ ಏಳುವುದಿಲ್ಲ, ಕೂತೇ ಕೂಗುತ್ತೇವೆ ಎಂದ. ಮೌಶಿ ಅವನ ಗಡ್ಡ ಸವರಿದರು.

ಬಿಸಿಲಿದ್ದ ಮಧ್ಯಾಹ್ನ. ಒಂದು–ಒಂದು ಸಮ. ಮುಗಿಯಲು ನಾಲ್ಕೈದು ನಿಮಿಷ. ಮಾತಿನಂತೆ ಅವರೆಲ್ಲ ಬೆಂಚಿಗೆ ಅಂಟಿಕೊಂಡಿದ್ದರು. ನಾನು ಎಂದಿನಂತೆ ಮುಖ ಜನರ ಕಡೆ ಮಾಡಿ ನಿಂತಿದ್ದೆ, ಮೌಶಿ ಹೇಳುತ್ತಿದ್ದರು. "ಎಡಗಡೆ... ಗಿಡ್ಡಗ ಕೊಟ್ಟಾ... ಗಿಡ್ಡ ಒಬ್ಬನ್ನ ದಾಟಿದಾ..." ಅಲ್ಲಿಗೆ ಮಾತು ನಿಂತಿತು. ಬಾಯಿ ತೆರೆದೇ ಇತ್ತು. ಕಣ್ಣು ಈ ಸಲ ಮುಚ್ಚಲಿಲ್ಲ. ಮೂರು ಸೀಸನ್ ನೋಡಿದ್ದ ಆ ಮುಖದ ಮೇಲೆ ಬಲೆಯ ಹಿಂದಿನ ಸ್ಟೂಲಿನ ಮೇಲೆ ಕೂತ ಹುಡುಗಿ ಬಂದು ನಿಂತಿದ್ದಳು. ಅಂಥದ್ದೇನು ಕಾಣುತ್ತಿದೆ ಇವರಿಗೆ ಎಂದು ನನಗೆ ತಡೆಯಲಾಗಲಿಲ್ಲ. ಮೂರು ವರ್ಷದಲ್ಲಿ ಮೊದಲ ಸಲ ತಿರುಗಿದೆ. ತಿರುಗಿದ್ದಷ್ಟೇ ಅಲ್ಲ, ಮೆಟ್ಟಿಲು ಬಿಟ್ಟು ಎರಡು ಹೆಜ್ಜೆ ಕಟ್ಟೆಯ ಮುಂದಕ್ಕೆ ಬಂದೆ. ಗಿಡ್ಡ ಆಟಗಾರ ಒಳಕ್ಕೆ ತಿರುಗಿ ಬಲಗಾಲಲ್ಲಿ ಹೊಡೆದ. ಚೆಂಡು ಕಂಬಕ್ಕೆ ತಾಗಿ ಒಳಗೆ ಹೋಯಿತು. ನಾನು ಕೈ ಎತ್ತಿ ಹಾರಿದೆ.

ಇಳಿದು ಹಿಂದಕ್ಕೆ ತಿರುಗುವಾಗ ಗ್ಲೆನ್‌ನ ಮುಖ ಕಂಡಿತು. ಕೂತಲ್ಲೇ ಮೌಶಿಯ ಕಡೆ ತಿರುಗಿ ಎರಡೂ ಕೈ ಮೇಲೆತ್ತಿ ಕೂಗುತ್ತಿದ್ದವನು ನನ್ನನ್ನು ನೋಡಿ ನಿಲ್ಲಿಸಿದ್ದ. ಎದುರಿನ ಸಾಲುಗಳಲ್ಲಿ ಒಬ್ಬನೂ ಎದ್ದಿರಲಿಲ್ಲ. ಮೌಶಿಗೂ ಗೋಲಿಗೂ ನಡುವೆ ನಿಂತಿದ್ದ ಬೆನ್ನು ಒಂದೇ. ಹಳದಿ ಜಾಕೆಟ್ಟಿನದು.

ಮೌಶಿ ಬಯ್ಯಲಿಲ್ಲ. ಬಯ್ದಿದ್ದರೆ ಇವತ್ತು ಇದನ್ನು ಬರೆಯುತ್ತಿರಲಿಲ್ಲವೇನೋ. ಸೆರಗು ಸರಿಮಾಡಿಕೊಂಡು, ಸ್ವಲ್ಪ ಮುಂದಕ್ಕೆ ಬಾಗಿ ಕೇಳಿದರು: "ಹೆಂಗಾತವಾ? ಹೇಳು."

ಹೇಳಿದೆ. ಗಿಡ್ಡ ಒಳಕ್ಕೆ ತಿರುಗಿದ್ದು, ಕಂಬ, ಬಲೆ. ಅವರು ಕಣ್ಣು ಮುಚ್ಚಿ ಕೊನೆಯ ತನಕ ಕೇಳಿದರು. "ಕಂಬಕ್ಕ ಬಡದದ್ದು ಕೇಳಿತ್ತು ನನಗ" ಅಂದರು. "ಚಂದ ಹೇಳಿದಿ."

ಪೋರ್ಟ್ ಕ್ರೆಡಿಟ್ ಸ್ಟೇಷನ್ನಿನ ರ‍್ಯಾಂಪ್ ಇಳಿದು ಬೇರೆಯಾಗುವಾಗ ನಾನು, "ಮೌಶಿ, ನನ್ನಿಂದ ತಪ್ಪಾಯ್ತು" ಅಂದೆ. ಅವರು ಕುರ್ಚಿ ನಿಲ್ಲಿಸಿದರು. "ನೀನೂ ಮೂರ್ ವರ್ಷ ನೋಡಿದ್ದಿಲ್ಲಲ್ಲ ಹುಡುಗಿ. ಇಬ್ಬರಾಗ ಒಬ್ರು ನೋಡಿದ್ವಿ, ಆತು. ಮುಂದಿನ ವರ್ಷ ನೀ ನನ್ನ ಹಿಂದ ನಿಂದ್ರು." ಅದೇ ಕೊನೆಯ ಭೇಟಿ. ಸಂಕ್ರಾಂತಿಗೆ ಎಳ್ಳು ತೆಗೆದುಕೊಳ್ಳಲು ಬಾ ಎಂದು ಫೋನ್ ಮಾಡಿದ್ದರು. ಬರುವ ವಾರ ಎಂದೆ. ಎರಡು ಬೀದಿಯ ದಾರಿ. ಮುಖ ತೋರಿಸಲು ನಾಚಿಕೆಯಾಗಿ ಹೋಗಲಿಲ್ಲ. ಫೆಬ್ರವರಿಯಲ್ಲಿ ನ್ಯುಮೋನಿಯಾ ಅವರನ್ನು ಒಂದೇ ವಾರದಲ್ಲಿ ಕರೆದೊಯ್ದಿತು.

ಆ ವರ್ಷದ ಸೀಸನ್ ಶುರುವಾಗುವ ಹೊತ್ತಿಗೆ ಕಟ್ಟೆಯನ್ನು ಎತ್ತರಿಸಿದ್ದರು. ಟೇಪು ಹಿಡಿದು ಅಳೆದೆ: ಒಂದೂವರೆ ಅಡಿ, ನಮ್ಮ ನಕ್ಷೆಯಂತೆಯೇ. ಈಗ ಮುಂದಿನವರು ಎದ್ದರೂ ಎಲ್ಲ ಕಾಣುತ್ತದೆ. ಆದರೂ ಗ್ಲೆನ್‌ನ ಕಡೆಯವರು ಏಳುವುದಿಲ್ಲ. ನಾನು ಮೆಟ್ಟಿಲ ಪಕ್ಕ, ಮೈದಾನಕ್ಕೆ ಬೆನ್ನು ಮಾಡಿ ನಿಲ್ಲುತ್ತೇನೆ. ಏಳನೇ ನಂಬರು ಖಾಲಿ. ಕೂಗು ಮೆಲ್ಲಗೆ ಏರಿ ಒಡೆಯುತ್ತದೆ, ಉಳಿದವರೆಲ್ಲ ಕುಣಿಯುತ್ತಾರೆ, ಆ ಗದ್ದಲದ ನಡುವೆ ಖಾಲಿ ಜಾಗದಿಂದ ಪ್ರಶ್ನೆ ಬರುತ್ತದೆ. ಹೆಂಗಾತವಾ? ಹೇಳು. ನನಗೆ ಗೊತ್ತಿಲ್ಲ ಮೌಶಿ. ನಾನು ಆಮೇಲೆ ತಿರುಗಿ ನೋಡಿಲ್ಲ.