ಮಾರಕ್ಕ ಎಳೆದ ಗೀಟು

ಮಧುರೆ ಎಂಬ ಹಳ್ಳಿಯ ಹತ್ತಿರ ಗಣಿತದ ಸಂಸ್ಥೆ ಬಂದು ಹನ್ನೆರಡು ವರ್ಷವಾಯಿತು. ದೊಡ್ಡ ದೊಡ್ಡ ಓದು ಓದಿದವರು ಅಲ್ಲಿ ಇನ್ನೂ ಓದುತ್ತಾರೆ, ಪಾಠ ಹೇಳುತ್ತಾರೆ, ಯಾರಿಂದಲೂ ಬಿಡಿಸಲಾಗದ ಲೆಕ್ಕ ಹಿಡಿದು ವರ್ಷಗಟ್ಟಲೆ ಕೂರುತ್ತಾರೆ. ಸುತ್ತಲ ಊರಿನವರಿಗೆ ಅದು ಲೆಕ್ಕದಾಫೀಸು. ಮಾರಕ್ಕ ಅಲ್ಲಿ ಕಸ ಗುಡಿಸಿ, ನೆಲ ಮತ್ತು ಬೋರ್ಡು ಒರೆಸುವ ಕೆಲಸಕ್ಕೆ ಸೇರಿದ್ದು ಗಂಡ ತೀರಿಕೊಂಡ ಮರುವರ್ಷ. ಅವಳು ಓದಿದ್ದು ಮೂರನೇ ಕ್ಲಾಸು.

ಡೇರಿಗೆ ಹಾಲು ಹಾಕಲು ಬಂದ ಹೆಂಗಸರು ಅವಳನ್ನು ಕೆಣಕುತ್ತಿದ್ದರು.

"ಅಲ್ಲೇನೇ ಮಾಡ್ತಾರೆ ಅಷ್ಟು ಜನ?"

"ಲೆಕ್ಕ ಮಾಡ್ತಾರೆ."

"ಯಾರ ಲೆಕ್ಕಾನೇ?"

"ಯಾರದ್ದೂ ಅಲ್ಲ. ಸುಮ್ನೆ ಲೆಕ್ಕ."

"ಅದು ಮುಗಿಯಲ್ವಾ?"

"ಮುಗಿದಿದ್ರೆ ಬಾಗ್ಲು ಹಾಕ್ಕೊಂಡು ಮನೆಗೆ ಹೋಗ್ತಿರ್ಲಿಲ್ವಾ? ಸರಿ, ಕ್ಯಾನು ಮುಂದಕ್ಕೆ ಸರಿಸು."

ಎರಡನೇ ಮಹಡಿಯ ಕೊನೆಯ ಕೋಣೆ ಹರಿಪ್ರಸಾದ್ ಸರ್ ಅವರದು. ಗೋಡೆಯಗಲ ಬೋರ್ಡು. ಬರೆಯುವುದು ಸ್ವಲ್ಪ, ನಿಂತು ನೋಡುವುದೇ ಬಹಳ. ಒಂದು ಶುಕ್ರವಾರ "ಮಾರಕ್ಕ, ಇವತ್ತು ಒರೆಸ್ಬೇಡಿ" ಎಂದು ಹೇಳಿ ಮನೆಗೆ ಹೋದವರು, ಭಾನುವಾರ ಎದೆನೋವು ಬಂದು ತೀರಿಕೊಂಡರು. ಆಗ ಆಷಾಢ. ಬೋರ್ಡಿನ ಮೇಲಿರುವುದು ಅವರ ಕೊನೆಯ ಬರಹ, ಯಾರೂ ಮುಟ್ಟಕೂಡದು ಎಂದು ಸಂಸ್ಥೆಯವರು ತೀರ್ಮಾನಿಸಿ ಕೋಣೆಗೆ ಬೀಗ ಹಾಕಿದರು. ಕೆಲಸದವರ ಸೂಪರ್‌ವೈಸರ್ ಅನಿಲ್‌ಕುಮಾರ್ ಅದನ್ನು ತನ್ನ ಮಾತಿನಲ್ಲಿ ತಿಳಿಸಿದ:

"ಆ ಬೋರ್ಡು ಮುಟ್ಟಿದ್ರೆ ನಾಳೆಯಿಂದ ಗೇಟೊಳಗೆ ಬರೋದೇ ಬೇಡ, ಮಾರಕ್ಕ."

ಸೋಮವಾರಕ್ಕೊಮ್ಮೆ ಬೀಗ ತೆಗೆದು ನೆಲ ಗುಡಿಸುವುದು ಅವಳ ಪಾಲಿಗೆ ಬಂತು. ಮಳೆಗಾಲದಲ್ಲಿ ಆ ಕೋಣೆಯ ಕಿಟಕಿ ಉಬ್ಬಿ ಸರಿಯಾಗಿ ಮುಚ್ಚುತ್ತಿರಲಿಲ್ಲ. ತಂಡಿ ಗಾಳಿಗೆ ಅಕ್ಷರಗಳಿಂದ ಹಳದಿ ಪುಡಿ ಉದುರುತ್ತಿತ್ತು. ಎರಡು ಸೋಮವಾರ ಸುಮ್ಮನೆ ನೋಡಿದಳು. ಮೂರನೆಯ ಸೋಮವಾರ ಸರ್ ಅವರದೇ ಚಾಕ್‌ಪೀಸಿನ ತುಂಡು ತೆಗೆದುಕೊಂಡು, ಮಾಸಿದ ಕಡೆ ಮಾಸಿದಷ್ಟನ್ನೇ ತಿದ್ದಿದಳು. ಬಾಗಿಲ ಮುಂದಿನ ರಂಗೋಲಿ ಯಾರಾದರೂ ತುಳಿದರೆ ತಿದ್ದುವುದಿಲ್ಲವೇ, ಹಾಗೆ. ಆ ಬರಹ ಓದಲು ಬಾರದಿದ್ದರೂ ಒಮ್ಮೆ ಕಂಡ ಗೆರೆಯನ್ನು ಅವಳ ಕಣ್ಣು ಬಿಡುತ್ತಿರಲಿಲ್ಲ.

ಒಂದು ಕಡೆ ಮಾತ್ರ ತೊಡಕಾಯಿತು. ಕಿಟಕಿಯ ಪಕ್ಕ, ಕೊನೆಯ ಸಾಲಿನಲ್ಲಿ, ಇರಚಲು ಹೊಡೆದು ಒಂದು ಅಕ್ಷರದ ನೆತ್ತಿ ತೊಳೆದುಹೋಗಿತ್ತು. ಅಲ್ಲೇನಿತ್ತೋ ಎಷ್ಟು ನೆನೆದರೂ ಬರಲಿಲ್ಲ. ಮೇಲಿನ ಸಾಲು ನೋಡಿದಳು. ಅಲ್ಲೂ ಅದೇ ಅಕ್ಷರ, ಅದರ ತಲೆಯ ಮೇಲೆ ಒಂದು ಅಡ್ಡ ಗೀಟು. ರಂಗೋಲಿಯ ಈ ಮೂಲೆಗೆ ಹೂವಿದ್ದರೆ ಆ ಮೂಲೆಗೂ ಇರಬೇಕು. ಕೆಳಗಿನ ಅಕ್ಷರಕ್ಕೂ ಒಂದು ಗೀಟು ಎಳೆದಳು.

ವರ್ಷದ ನೆನಪಿಗೆ ಸಭೆ ಸೇರಿದಾಗ ಆ ಬೋರ್ಡಿನ ಫೋಟೋ ತೆಗೆದು ನಾನಾ ದೇಶಗಳಿಗೆ ಕಳಿಸಿದರು. ಅದಕ್ಕೂ ಮುಂಚೆ ಯಾರೂ ತೆಗೆದಿರಲಿಲ್ಲ.

ಆಮೇಲೆ ಕೀರ್ತನ ಬಂದಳು. ಸೂಲಿಬೆಲೆಯ ಕಡೆಯ ಹುಡುಗಿ, ಡಾಕ್ಟರೇಟಿಗೆ ಓದುವವಳು. ಸರ್ ನಿಲ್ಲಿಸಿದ ಲೆಕ್ಕವನ್ನೇ ಮುಂದುವರಿಸುವುದು ಅವಳ ಕೆಲಸ. ಮಾರಕ್ಕನ ಕೈಯಿಂದ ಕೀಲಿ ಇಸಕೊಂಡು ದಿನವೆಲ್ಲ ಬೋರ್ಡಿನ ಮುಂದೆ ಕೂರುತ್ತಿದ್ದಳು. ಏಳು ತಿಂಗಳಾಯಿತು, ಹುಡುಗಿ ಸೊರಗಿದಳು.

"ಊಟಕ್ಕೂ ಹೋಗಿಲ್ವೇನವ್ವಾ?" ಎಂದು ಮಾರಕ್ಕ ಒಂದು ದಿನ ಕೇಳಿದಳು.

"ಯಾವ ಊಟ ಬಿಡಿ ಮಾರಕ್ಕ. ಸೋಮವಾರ ಎಲ್ಲರ ಮುಂದೆ ನಿಂತು ಹೇಳ್ಬೇಕು. ಹೇಳೋಕೆ ಏನೂ ಇಲ್ಲ. ನಂಗಾಗಲ್ಲ ಅಂತ ಬರೆದುಕೊಟ್ಟು ಊರಿಗೆ ಹೋಗ್ತೀನಿ."

"ಎಲ್ಲಿ ಸಿಕ್ಕಾಕೊಂಡಿದೀಯ?"

ಕೀರ್ತನ ನಕ್ಕು ಕೈ ತೋರಿಸಿದಳು. "ಅಗೋ, ಕೊನೇ ಸಾಲು. ಆ ಅಕ್ಷರದ ಮೇಲಿನ ಗೀಟು. ಸರ್ ಯಾಕೆ ಹಾಕಿದ್ರೋ ಗೊತ್ತಾಗ್ತಿಲ್ಲ. ಏನೋ ಇರುತ್ತೆ, ನನ್ನ ತಲೆಗೇ ಹತ್ತುತ್ತಿಲ್ಲ."

ಮಾರಕ್ಕ ಬಕೆಟ್ಟು ಎತ್ತಿಕೊಂಡು ಹೊರಗೆ ಬಂದಳು. ಕ್ಯಾಂಟೀನಿನಲ್ಲಿ ತರಕಾರಿ ಹೆಚ್ಚುತ್ತಿದ್ದ ಅಶ್ವತ್ಥಮ್ಮನಿಗೆ ಎಲ್ಲ ಹೇಳಿದಳು.

"ಬಾಯಿ ಮುಚ್ಕೊಂಡಿರೇ" ಎಂದಳು ಅಶ್ವತ್ಥಮ್ಮ. "ಆ ಸರ್ ಎದ್ದು ಬಂದು ಸಾಕ್ಷಿ ಹೇಳ್ತಾರಾ? ಅನಿಲ್‌ಕುಮಾರ್‌ಗೆ ಗೊತ್ತಾದ್ರೆ ನಿನ್ನ ಕೆಲಸ ಹೋಯ್ತು."

"ಆ ಹುಡುಗಿ ಓದು ಹೋಗುತ್ತಲ್ಲೇ."

"ಅವ್ಳಿಗೆ ಇನ್ನೊಂದು ಓದು ಸಿಗುತ್ತೆ. ನಿಂಗೆ ಈ ವಯಸ್ಸಲ್ಲಿ ಇನ್ನೊಂದು ಕೆಲಸ ಸಿಗುತ್ತಾ?"

ಅದೂ ನಿಜವೇ. ಮಾರಕ್ಕ ಅವತ್ತು ಕೆಲಸ ಮುಗಿಸಿ ಮನೆಗೆ ಹೋದಳು. ಮರುದಿನ ಬೆಳಿಗ್ಗೆ ಕೀಲಿ ಕೇಳಲು ಬಂದ ಕೀರ್ತನಳಿಗೆ ಕೀಲಿ ಕೊಡದೆ, ತಾನೇ ಹೋಗಿ ಬಾಗಿಲು ತೆಗೆದಳು.

"ಆ ಗೀಟು ಸರ್ ಹಾಕಿದ್ದಲ್ಲ ಕಣವ್ವ. ನಾನು ಹಾಕಿದ್ದು."

ಕೀರ್ತನಳಿಗೆ ಮೊದಲು ಅರ್ಥವಾಗಲಿಲ್ಲ. ಕಿಟಕಿ, ಮಳೆ, ರಂಗೋಲಿ ಎಲ್ಲ ಹೇಳಿ ಮುಗಿಸುವ ಹೊತ್ತಿಗೆ ಹುಡುಗಿ ನೆಲದ ಮೇಲೆ ಕೂತುಬಿಟ್ಟಿದ್ದಳು. ಬಯ್ಯಲಿಲ್ಲ.

"ಇನ್ನೆಲ್ಲೆಲ್ಲಿ ತಿದ್ದಿದೀರ? ನೆನಪಿದೆಯಾ?"

"ನೆನಪಿಲ್ದೆ ಏನು?"

ಒದ್ದೆ ಬಟ್ಟೆಯ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಮಾರಕ್ಕ ತನ್ನ ಕೈಯ ಗೆರೆಗಳನ್ನು ಒಂದೊಂದಾಗಿ ಅಳಿಸಿದಳು. ಹನ್ನೊಂದು ಕಡೆ. ಮಿಕ್ಕಿದ್ದು ಸರ್ ಅವರದು, ಮಸುಕುಮಸುಕಾಗಿ, ಅಲ್ಲಲ್ಲಿ ಹರಿದು. ಕೊನೆಯ ಸಾಲಿನ ಆ ಅಕ್ಷರದ ನೆತ್ತಿಯಲ್ಲಿ ಏನೂ ಇರಲಿಲ್ಲ. ಕೀರ್ತನ ಬಹಳ ಹೊತ್ತು ನೋಡಿದಳು.

"ಗೀಟಿಲ್ದಿದ್ರೇನೇ ಇದು ಮೇಲಿನ ಸಾಲಿಗೆ ಹೊಂದೋದು, ಮಾರಕ್ಕ. ಆಗ ಇದು ಸುಲಭದ ಮಾತು. ಎಲ್ಲರಿಗೂ ಗೊತ್ತಿರೋದೇ. ಸರ್ ಮುಂದಕ್ಕೆ ಹೋಗಿರ್ಲಿಲ್ಲ. ಅವರೂ ಇಲ್ಲೇ ನಿಂತಿದ್ರು." ಅಳುತ್ತಿದ್ದಳೋ ನಗುತ್ತಿದ್ದಳೋ ಮಾರಕ್ಕನಿಗೆ ತಿಳಿಯಲಿಲ್ಲ. "ಏಳು ತಿಂಗಳು ನಾನೇ ದಡ್ಡಿ ಅನ್ಕೊಂಡಿದ್ದೆ."

ಸೋಮವಾರ ಕೀರ್ತನ ಎಲ್ಲರ ಮುಂದೆ ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಕೆಲವರು ನಕ್ಕರು, ಕೆಲವರು ಸಿಟ್ಟಾದರು. ಕೀರ್ತನ ಊರಿಗೆ ಹೋಗಲಿಲ್ಲ, ಬೇರೆ ದಾರಿ ಹಿಡಿದು ಲೆಕ್ಕವನ್ನು ಮೊದಲಿನಿಂದ ಶುರು ಮಾಡಿದಳು. ಮಾರಕ್ಕನನ್ನು ಬಿಡಿಸಬಾರದೆಂದು ಅವಳು ದೊಡ್ಡವರ ಹತ್ತಿರ ಹೋಗಿ ಕೇಳಿಕೊಂಡದ್ದರಿಂದ ಕೆಲಸ ಉಳಿಯಿತು. ಆದರೆ ಬೋರ್ಡುಗಳಿರುವ ಕಟ್ಟಡಕ್ಕೆ ಇನ್ನು ಬರಬಾರದೆಂದು ಅವಳನ್ನು ಅತಿಥಿಗೃಹಕ್ಕೆ ಹಾಕಿದರು. ಅಲ್ಲಿ ಹಾಸಿಗೆ ಕೊಡವಿ ಹೊದಿಕೆ ಮಡಿಸುವುದು ಕೆಲಸ.

ಬದಲಿ ಚೀಟಿ ಕೊಡುವಾಗ ಅನಿಲ್‌ಕುಮಾರ್ ಕೇಳಿದ: "ಯಾಕೆ ಹೇಳೋಕೆ ಹೋದ್ರಿ ಮಾರಕ್ಕ? ನೀವು ಹೇಳ್ದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ."

"ಆ ಹುಡುಗೀಗೂ ಗೊತ್ತಾಗ್ತಿರ್ಲಿಲ್ವಲ್ಲಪ್ಪ" ಎಂದು ಚೀಟಿ ಇಸಕೊಂಡು ಮಾರಕ್ಕ ಅತಿಥಿಗೃಹದ ಕಡೆ ನಡೆದಳು.