ಕೂಡದೆ ಬಿಟ್ಟ ಆರು

ಆಗಸ್ಟ್ ತಿಂಗಳ ಒಂದು ಮಂಗಳವಾರ, ಬೆಳಿಗ್ಗೆ ಒಂಬತ್ತೂ ಇಪ್ಪತ್ತು. ಪೀಣ್ಯದ ನಮ್ಮ ಶೆಡ್ಡಿನಲ್ಲಿ ಇದ್ದವರು ನಾಲ್ವರು: ತೂಕದ ಲೆಕ್ಕ ಹಾಕುವ ನಾನು, ಕ್ರೇನ್ ನಡೆಸುವವನು, ಲಾರಿಗೆ ಮಾಲು ತುಂಬುವ ಲೋಡರ್, ಉಕ್ಕಿನ ಉಂಗುರಗಳನ್ನು ಎಣಿಸಿ ಪೆಟ್ಟಿಗೆಗೆ ಹಾಕುವ ವಿಜಯಪುರದ ಹೆಂಗಸು.

ನಮ್ಮಲ್ಲಿ ದೊಡ್ಡ ತಕ್ಕಡಿ ಇಲ್ಲ. ಫೋನುಗಳನ್ನು ಗೇಟಿನಲ್ಲೇ ಬಿಟ್ಟು ಬರಬೇಕು, ಹಾಗಾಗಿ ಲೆಕ್ಕವೆಲ್ಲ ಕೈಯಲ್ಲೇ. ಒಂದು ಉಂಗುರದ ತೂಕವನ್ನು ಎಣಿಕೆಯಿಂದ ಗುಣಿಸಿ, ಪೆಟ್ಟಿಗೆಯ ತೂಕ ಸೇರಿಸಿ, ಮೊತ್ತವನ್ನು ಸೀಮೆಸುಣ್ಣದಲ್ಲಿ ಪೆಟ್ಟಿಗೆಯ ಮೇಲೆ ಬರೆಯುತ್ತೇನೆ. ಅದನ್ನು ನಂಬಿ ಕ್ರೇನ್ ಎತ್ತುತ್ತದೆ. ಅದರ ಮಿತಿ ಎರಡು ಸಾವಿರ ಕಿಲೋ. ಗುಣಿಸಿದ ಮೇಲೆ ಅಂಕಿಗಳನ್ನು ಕೂಡಿ, ಒಂಬತ್ತುಗಳನ್ನು ಕಳೆದು, ಉಳಿದದ್ದನ್ನು ತಾಳೆ ನೋಡುವುದು ಶಾಲೆಯಿಂದ ಬಂದ ನನ್ನ ನಿಯಮ. ಅಂದು ಲೋಡರ್ ಅವಸರ ಮಾಡಿದ. ನಾನು ತಾಳೆ ನೋಡಲಿಲ್ಲ.

ಒಂದು ಉಂಗುರಕ್ಕೆ 28 ಕಿಲೋ, ಉಂಗುರಗಳು 87. 28ರ ಕೆಳಗೆ 87 ಬರೆದೆ. ಏಳರ ಸಾಲು 196. ಎಂಟರ ಸಾಲು, ಒಂದು ಸ್ಥಾನ ಎಡಕ್ಕೆ, 164. ಕೂಡಿದರೆ 1836. ಪೆಟ್ಟಿಗೆಗೆ 140. ಒಟ್ಟು 1976.

ಪೆಟ್ಟಿಗೆ ಎದೆಯೆತ್ತರಕ್ಕೆ ಏರಿದಾಗ ಆ ಹೆಂಗಸು ನನ್ನ ಅಂಕಿಯನ್ನು ನೋಡಿದಳು.

“ಸರ, ಇದು ಕಡಿಮಿ ಅನಸ್ತದ. ಎಂಬತ್ತೇಳು ಉಂಗುರ, ಮೂವತ್ತ ಕಿಲೋದಂಗ ಹಿಡದ್ರ ಎರಡ್ ಸಾವಿರದ ಆರನೂರಾ ಹತ್ತ. ಉಂಗುರಕ್ಕ ಎರಡೆರಡ್ ಕಿಲೋ ತಗದ್ರ ನೂರಾ ಎಪ್ಪತ್ನಾಕ ಅಷ್ಟ ಹೋಗ್ತದ. ಎರಡ್ ಸಾವಿರದ ಕೆಳಗ ಹೆಂಗ ಬರ್ತದ್ರಿ?”

ತಾಳೆ ನೋಡಿದೆ. 28ಕ್ಕೆ ಒಂದು, 87ಕ್ಕೆ ಆರು; ಉತ್ತರದಲ್ಲಿ ಆರು ಉಳಿಯಬೇಕು. 1836ರಲ್ಲಿ ಏನೂ ಉಳಿಯಲಿಲ್ಲ. ಎಂಟೆಂಟಲ ಅರವತ್ತನಾಲ್ಕರಲ್ಲಿ ನಾಲ್ಕು ಬರೆದು, ಕೈಯಲ್ಲಿದ್ದ ಆರನ್ನು ಮುಂದಿನ ಹದಿನಾರಕ್ಕೆ ಕೂಡಿರಲಿಲ್ಲ. ಸಾಲು 224 ಆಗಬೇಕಿತ್ತು. ಪೆಟ್ಟಿಗೆಯೂ ಸೇರಿ 2576 ಕಿಲೋ ಒಂದು ಹಳೆಯ ಸರಪಳಿಯಲ್ಲಿ ತೂಗುತ್ತಿತ್ತು. ಪೆಟ್ಟಿಗೆಗೂ ಲಾರಿಗೂ ನಡುವೆ ಲೋಡರ್ ನಿಂತಿದ್ದ, ಅಂಗೈಯಿಂದ ಅದನ್ನು ತಿರುಗಿಸುತ್ತ.

ಕೂಗಿದರೆ ಕ್ರೇನಿನವನು ಬೆಚ್ಚಿ ಗುಂಡಿ ಒತ್ತಿಬಿಡಬಹುದು. ಅವನ ಪಕ್ಕಕ್ಕೆ ಹೋಗಿ ಮೆಲ್ಲಗೆ ಹೇಳಿದೆ: “ನಿಲ್ಲಿಸು. ಇನ್ನೊಂದಿಂಚೂ ಎತ್ತಬೇಡ.”

“ಯಾಕ್ ಸಾರ್?”

“ಲೆಕ್ಕ ತಪ್ಪಿದೆ.”

ಲೋಡರ್ ನಕ್ಕ. “ಏನ್ ಸಾರ್, ಈ ವಯಸ್ನಲ್ಲಿ ಮಗ್ಗಿ ಮರ್ತ್‌ಹೋಯ್ತಾ?”

“ಹೌದು, ಮರ್ತಿದೀನಿ. ಕೈ ತೆಗೆದು ಈ ಕಡೆ ಬಾ. ಓಡಬೇಡ.”

ಅವನ ನಗು ನಿಂತಿತು. ಬೆನ್ನನ್ನು ಲಾರಿಗೆ ಒತ್ತಿಕೊಂಡು ಪಕ್ಕಪಕ್ಕಕ್ಕೆ ಸರಿದ. ನಾಲ್ಕು ಹೆಜ್ಜೆ. ಮೂರನೆಯದಕ್ಕೆ ಸರಪಳಿ ಬೆರಳಿನಷ್ಟು ಜಾರಿ ಟಕ್ಕೆಂದಿತು. ನಾನು ಕಣ್ಣು ಮುಚ್ಚಿದೆ. ತೆರೆದಾಗ ಅವನು ನನ್ನ ಪಕ್ಕದಲ್ಲಿದ್ದ, ನನ್ನ ತೋಳು ಹಿಡಿದಿದ್ದ.

ಕ್ರೇನಿನವನು ಪೆಟ್ಟಿಗೆಯನ್ನು ಇಂಚಿಂಚಾಗಿ ನೆಲಕ್ಕೆ ಇಳಿಸಿದ.

ಸರಪಳಿಯನ್ನು ಬದಲಿಸಿದೆವು. ಉಂಗುರಗಳನ್ನು ನಲವತ್ತನಾಲ್ಕು, ನಲವತ್ತಮೂರು ಎಂದು ಎರಡು ಪೆಟ್ಟಿಗೆಗೆ ಹಂಚಿದೆವು. ಅವಳು ಬಾಯಲ್ಲಿ, ನಾನು ಹಲಗೆಯಲ್ಲಿ ಗುಣಿಸಿದೆವು: 1232, 1204. ಮಧ್ಯಾಹ್ನ ಲಾರಿ ಹೊರಟಿತು.

ಸಂಜೆ ಐದಕ್ಕೆ ಮಾಲೀಕರಿಗೆ ಒಂದು ಹಾಳೆ ಬರೆದೆ. ತಪ್ಪು ನನ್ನದು, ಇನ್ನು ಮುಂದೆ ಇಬ್ಬರು ಬೇರೆ ಬೇರೆ ವಿಧಾನದಲ್ಲಿ ಗುಣಿಸಿ ಒಂದೇ ಉತ್ತರ ಬರುವ ತನಕ ಯಾವ ಪೆಟ್ಟಿಗೆಯೂ ಮೇಲೇಳಬಾರದು. ನಾನು ರುಜು ಹಾಕಿದೆ. ಕೆಳಗೆ ಅವಳೂ ಹಾಕಿದಳು.