ಬೀಜದ ಬೆರಣಿ

ಹಸಿ ಸಗಣಿಗೆ ಒಲೆಬೂದಿ ಬೆರೆಸಿ ಕಲಸುವಾಗ ಒಂದು ವಾಸನೆ ಏಳುತ್ತದೆ. ಸ್ವಲ್ಪ ಹುಳಿ, ಸ್ವಲ್ಪ ಹೊಗೆ, ಅದರ ಅಡಿಯಲ್ಲಿ ಹಸುವಿನ ಮೈಯ ಬಿಸುಪು. ಮೊನ್ನೆ ಪಾಂಡವಪುರದಿಂದ ಬರುವ ದಾರಿಯಲ್ಲಿ ಯಾರದೋ ಮನೆಯ ಹೆಣ್ಣುಮಗಳು ಕೊಟ್ಟಿಗೆಯ ಮುಂದೆ ಕೂತು ಹಾಗೆ ಕಲಸುತ್ತಿದ್ದಳು. ನಾನು ಸ್ಕೂಟರ್ ನಿಲ್ಲಿಸಿ ಸುಮ್ಮನೆ ನಿಂತುಬಿಟ್ಟೆ. "ಯಾರು ಬೇಕಿತ್ತು ತಾತ?" ಎಂದಳು. "ಯಾರೂ ಇಲ್ಲ ಕಣವ್ವ" ಎಂದು ಹೊರಟೆ. ಮನೆಗೆ ಬಂದರೂ ಆ ವಾಸನೆ ಬಿಡಲಿಲ್ಲ. ಅದರ ಜೊತೆಗೆ ಬರುವ ನನ್ನ ಒಂದು ತಪ್ಪನ್ನು ಬರೆದೇಬಿಡೋಣವೆಂದು ಕೂತಿದ್ದೇನೆ.

ಕ್ಯಾತನಹಳ್ಳಿಯ ನಮ್ಮ ಹಳೆಯ ಮನೆಯ ಹಿಂದೆ ದೊಡ್ಡದೊಂದು ಹಿತ್ತಲಿತ್ತು. ಈಗ ಅಲ್ಲಿ ಸಿಮೆಂಟು ಹಾಕಿ ಟ್ರಾಕ್ಟರು ನಿಲ್ಲಿಸುತ್ತಾರೆ. ಶಿವರಾತ್ರಿ ಕಳೆದು ಚಳಿ ಕಾಲ್ತೆಗೆಯುತ್ತಿದ್ದ ಹಾಗೆಯೇ ಆ ಹಿತ್ತಲಿಗೆ ಜೀವ ಬರುತ್ತಿತ್ತು. ನಾಲೆಯ ಕಡೆಯಿಂದ ಆಲೆಮನೆಯ ಸಿಹಿ ಹೊಗೆ ತೇಲಿ ಬರುತ್ತಿತ್ತು. ಒಣಗಿದ ಅವರೆ ಬಳ್ಳಿಯನ್ನು ಕಿತ್ತು ದನಕ್ಕೆ ಹಾಕುವುದು, ಚಪ್ಪರದ ಬಿದಿರನ್ನು ಬಿಚ್ಚಿ ಹೊಸ ಹುರಿಯಲ್ಲಿ ಕಟ್ಟುವುದು, ಬಚ್ಚಲ ನೀರಿನ ಕಾಲುವೆಯನ್ನು ಕೆರೆದು ಬಾಳೆಯ ಬುಡದಿಂದ ಪಾತಿಗಳ ಕಡೆಗೆ ತಿರುಗಿಸುವುದು, ಇವೆಲ್ಲ ಅಪ್ಪನ ಮತ್ತು ಚಿಕ್ಕಪ್ಪನ ಕೆಲಸ. ಮೊಳದಗಲದ ಗುಣಿ ತೆಗೆದು ತಿಪ್ಪೆಗೊಬ್ಬರ ತುಂಬಿ ನಾಲ್ಕು ದಿನ ನೀರು ಕುಡಿಸಿದರೆ ಮಣ್ಣು ಕರಿ ಬೆಲ್ಲದ ಹಾಗೆ ಮೆತ್ತಗಾಗುತ್ತಿತ್ತು. ಅದರಲ್ಲಿ ಬರಿಗಾಲು ಇಟ್ಟ ತಂಪು ಈ ಎಪ್ಪತ್ತು ದಾಟಿದ ಅಂಗಾಲಿಗೂ ನೆನಪಿದೆ. ಕಾಮನ ಹಬ್ಬದ ಮಾರನೆಯ ದಿನದಿಂದ ಯುಗಾದಿಯೊಳಗೆ ಬೀಜ ಊರಿ ಮುಗಿಸಬೇಕು. ಆ ಬೀಜ ಮಾತ್ರ ಅಜ್ಜಿಯದು.

ಅಜ್ಜಿ ಬೀಜವನ್ನು ಡಬ್ಬಿಯಲ್ಲಿ ಇಡುತ್ತಿರಲಿಲ್ಲ. ಸೋರೆ, ಕುಂಬಳ, ಹೀರೆಯ ಬೀಜಗಳನ್ನು ಬೂದಿ ಕಲಸಿದ ಸಗಣಿಯಲ್ಲಿ ಒತ್ತಿ, ಅಂಗೈಯಗಲ ತಟ್ಟಿ, ಕೊಟ್ಟಿಗೆಯ ಒಳಗೋಡೆಗೆ ಅಂಟಿಸುತ್ತಿದ್ದಳು. ಹುಳ ಮುಟ್ಟದು, ಇಲಿ ಮೂಸದು. ಉರಿಸುವ ಬೆರಣಿ ಹೊರಗೋಡೆಯಲ್ಲಿ, ಬೀಜದ ಬೆರಣಿ ಒಳಗೋಡೆಯಲ್ಲಿ. ಅವುಗಳಲ್ಲಿ ಗುಂಡುಸೋರೆಯದು ಅಜ್ಜಿಗೆ ಪ್ರಾಣ. ನಾಗಮಂಗಲದ ಕಡೆಯ ತನ್ನ ತವರಿನಿಂದ ಸೆರಗಿನಲ್ಲಿ ಕಟ್ಟಿ ತಂದದ್ದು ಅದು. ಆ ತವರಿನಲ್ಲಿ ಈಗ ದೀಪ ಹಚ್ಚುವವರಿಲ್ಲ, ಈ ಬಳ್ಳಿಯೊಂದೇ ಉಳಿದಿದೆ ಎನ್ನುತ್ತಿದ್ದಳು.

ನನಗಾಗ ಹತ್ತು ವರ್ಷ. ನಮ್ಮ ಕಡೆ ಕಾಮಣ್ಣನನ್ನು ಸುಡಲು ಹುಡುಗರು ಸೌದೆ ಬೆರಣಿ ಕದಿಯುವುದು ಹಬ್ಬದ ಒಂದು ಭಾಗ. ರಾಶಿಗೆ ಬಿದ್ದದ್ದನ್ನು ಯಾರೂ ವಾಪಸು ಕೇಳುವಂತಿಲ್ಲ. ನಾಲ್ಕು ಬೈಗುಳ ಬಿಟ್ಟರೆ ಬೇರೆ ಶಿಕ್ಷೆಯಿಲ್ಲ. ಕೊಟ್ಟಿಗೆಯ ಒಳಗಿನದನ್ನು ಮಾತ್ರ ಯಾರೂ ಮುಟ್ಟುವುದಿಲ್ಲ. ಆ ಸಲ ಪಕ್ಕದ ಮನೆಯ ಸಿದ್ದ ನನ್ನನ್ನು ಎಲ್ಲರೆದುರು ಕೆಣಕಿದ. "ಊರೋರ ಮನೇದೆಲ್ಲಾ ಕದ್ದೆ ಕಣ್ಲಾ, ನಿಮ್ಮಜ್ಜಿ ಬೆರಣಿ ಮುಟ್ಟಾಕೆ ಎದ್ರುಕೊಂಡೆಯಾ?" ನಾನು ಓಡಿದೆ. ಹೊರಗೋಡೆಯ ಹತ್ತಿರ ಅಪ್ಪ ಎತ್ತು ತೊಳೆಯುತ್ತಿದ್ದ. ಕೊಟ್ಟಿಗೆಯೊಳಗೆ ನುಗ್ಗಿ ಗೋಡೆಯಲ್ಲಿದ್ದುದನ್ನು ಕಿತ್ತು ಗೋಣಿಗೆ ತುಂಬಿ ಕಾಮಣ್ಣನ ರಾಶಿಗೆ ಸುರಿದೆ. ಕತ್ತಲಲ್ಲಿ ಗೊತ್ತಾಗಲಿಲ್ಲ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಸುಳ್ಳು. ಹಾಡುಹಗಲು. ಬೆರಣಿಯ ಮೈಯಲ್ಲಿ ಬೀಜದ ಬಿಳಿ ಬೆನ್ನು ಕಾಣುತ್ತಿತ್ತು. ಕಂಡೇ ಕಿತ್ತೆ.

ಮಾರನೆಯ ಬೆಳಿಗ್ಗೆ ಅಜ್ಜಿ ಕೊಟ್ಟಿಗೆಗೆ ಹೋದಳು. ಗೋಡೆಯಲ್ಲಿ ದುಂಡು ದುಂಡಾದ ಬಿಳಿಚು ಗುರುತುಗಳು ಮಾತ್ರ ಇದ್ದವು. ಹಬ್ಬದ ಎಣ್ಣೆನೀರಿಗೆ ಹಂಡೆಯ ಒಲೆಗೆ ಬೆರಣಿ ಇಟ್ಟವಳು ಚಿಕ್ಕವ್ವ. ಚಿಕ್ಕಪ್ಪನ ಕೈ ಹಿಡಿದು ಶ್ರೀರಂಗಪಟ್ಟಣದ ಪಕ್ಕದ ಬಾಬುರಾಯನಕೊಪ್ಪಲಿನಿಂದ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಹದಿನೆಂಟರ ಹುಡುಗಿ. ಅಜ್ಜಿ ನೇರ ಅವಳ ಮುಂದೆ ಹೋಗಿ ನಿಂತಳು.

"ಬೀಜದ ಬೆರಣಿಗೂ ಉರಿಯೋ ಬೆರಣಿಗೂ ಯತ್ವಾಸ ಗೊತ್ತಾಗಕಿಲ್ವೇನೇ? ಪಟ್ಣದ ಕಡೇರ್ಗೆ ಬೀಜ ಅಂದ್ರೆ ಅಂಗಡೀಲಿ ಸಿಗೋದು, ಅಲ್ವಾ?"

"ನಾನು ಆಚೆ ಗ್ವಾಡೇದೇ ತಂದಿದ್ದು ಕಣತ್ತೆ."

"ಬುಡವ್ವ, ನಿನ್ ಕೈಗುಣವೇ ಅಷ್ಟು. ಇನ್ಮ್ಯಾಕೆ ಇತ್ಲಲ್ಲಿ ಬೀಜ ಮುಟ್ಬ್ಯಾಡ."

ನಾನು ಅಲ್ಲೇ ಜಗುಲಿಯ ಮೇಲೆ ಕೂತು ಒಬ್ಬಟ್ಟು ತಿನ್ನುತ್ತಿದ್ದೆ. ಬಾಯಿ ಬಿಟ್ಟಿದ್ದರೆ ನಾಲ್ಕು ಬೈಗುಳಕ್ಕೆ ಮುಗಿಯುತ್ತಿತ್ತು. ಬಿಡಲಿಲ್ಲ. ಅಷ್ಟಕ್ಕೇ ನಿಲ್ಲಲಿಲ್ಲ. ಬೀಜ ಊರಲು ಒಳ್ಳೆಯ ಕೈ ಬೇಕಲ್ಲ, ಮನೆಯ ಹಿರೀ ಮೊಮ್ಮಗನೆಂದು ಅಜ್ಜಿ ನನ್ನನ್ನೇ ಕರೆದಳು. ಸಂತೆಯಿಂದ ತಂದ ಹೀರೆ, ಪಡವಲದ ಬೀಜಗಳನ್ನು ಗುಣಿಗೆ ಇಳಿಸುತ್ತಿದ್ದವನು ನಾನು. ಹಿಂದೆ ಚೊಂಬು ಹಿಡಿದು ನೀರು ಹನಿಸುತ್ತಿದ್ದವಳು ಚಿಕ್ಕವ್ವ. ಬಳ್ಳಿ ಚಪ್ಪರ ಹತ್ತಿ ಹೂ ಬಿಟ್ಟಾಗ "ನನ್ ಮೊಗೀನ ಕೈಗುಣ ನೋಡ್ರವ್ವ" ಎಂದು ಅಜ್ಜಿ ಬೀದಿಗೆಲ್ಲ ಹೇಳುತ್ತಿದ್ದಳು. ನಾನು ಎಸ್ಸೆಸ್ಸೆಲ್ಸಿ ಮುಗಿಸುವವರೆಗೂ ಪ್ರತಿ ವರ್ಷ ಇದೇ ನಡೆಯಿತು. ಗುಂಡುಸೋರೆ ಮತ್ತೆ ನಮ್ಮ ಮನೆಯಲ್ಲಿ ಹುಟ್ಟಲಿಲ್ಲ. ಅಜ್ಜಿ ಹೋಗುವ ತನಕ ಚಿಕ್ಕವ್ವ ಒಂದು ಬೀಜವನ್ನೂ ಮುಟ್ಟಲಿಲ್ಲ ಎಂದೇ ನಾನು ತಿಳಿದಿದ್ದೆ. ಆದರೂ ಆ ದಿನಗಳು ನನಗೆ ಸುಖದ ದಿನಗಳೇ ಆಗಿದ್ದವು, ಅದನ್ನೂ ಒಪ್ಪಿಕೊಳ್ಳಬೇಕು. ಚಿಕ್ಕವ್ವ ನನ್ನ ತಟ್ಟೆಗೆ ಯಾವತ್ತೂ ಒಂದು ಸೌಟು ಹೆಚ್ಚೇ ಹಾಕುತ್ತಿದ್ದಳು. ಅದೇ ಚುಚ್ಚುತ್ತಿತ್ತು.

ನಾಲ್ಕು ವರ್ಷದ ಹಿಂದೆ, ಇಂಥದೇ ದಿನಗಳಲ್ಲಿ, ಚಿಕ್ಕವ್ವ ತನ್ನ ಮಗನ ಮನೆಯ ಪಡಸಾಲೆಯಲ್ಲಿ ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುತ್ತಿದ್ದಳು. ನಾನು ಎದುರಿಗೆ ಕೂತು, ತಲೆ ತಗ್ಗಿಸಿ, ಎಲ್ಲವನ್ನೂ ಹೇಳಿದೆ. ಅವಳ ಕೈ ನಿಂತಿತು.

"ಅಂಗಾರೆ ಅವತ್ತು ನಾನು ಕಿತ್ತಿರ್ನಿಲ್ವಾ?"

"ಇಲ್ಲ ಚಿಕ್ಕವ್ವ. ನಾನು."

"ಅತ್ತೆ ಅಂದೂ ಅಂದೂ, ಮರ್ತು ನಾನೇ ಒಲೆಗಾಕ್ಬುಟ್ನೇನೋ ಅನ್ಕಬುಟ್ಟಿದ್ನಲ್ಲಾ!"

ನನಗೆ ತಿಳಿಯದೆ ಹೋದದ್ದು ಇದು. ಬೇರೆಯವರಿರಲಿ, ತನ್ನ ಮಾತನ್ನು ತಾನೇ ಅವಳು ಅರವತ್ತು ವರ್ಷ ನಂಬಿರಲಿಲ್ಲ. ಕಾಲು ಮುಟ್ಟಲು ಹೋದೆ. ಕೊಡವಿದಳು.

"ಏಳ್ಲಾ ಸಾಕು. ಬೋ ಕೈಗುಣದೋನು! ಗೇಣುದ್ದ ಆಳಕ್ಕಾಕ್ತಿದ್ದೆ, ಎಲ್ಲಾ ಕೊಳ್ತೋಗವು. ಅತ್ತೆ ಮಲಗ್ದಾಗ ನಾನೇ ಕೆದಕಿ ಬ್ಯಾರೆ ಬೀಜ ಊರ್ತಿದ್ದೆ. ಇಲ್ದಿದ್ರೆ ನಿನ್ ಕೈಗೆ ಕಳೆಯೂ ಉಟ್ತಿರ್ನಿಲ್ಲ." ಹೇಳುತ್ತಾ ಹೇಳುತ್ತಾ ನಗು ಬಂತು ಅವಳಿಗೆ. ಕಣ್ಣೊರೆಸಿಕೊಂಡು, "ಇದ್ನ ಅತ್ತೆ ಮುಂದೆ ಯೋಳ್ಬೇಕಾಗಿತ್ತು ಕಣ್ಮೊಗ" ಎಂದಳು. ಸ್ವಲ್ಪ ಹೊತ್ತಿಗೆ ಸೊಸೆಯನ್ನೂ ಮೊಮ್ಮಕ್ಕಳನ್ನೂ ಕೂಗಿ ಸಾಲಾಗಿ ಕೂರಿಸಿದಳು. "ಊಂ, ಈಗ ಯೋಳು. ಬೀದಿಗೆ ಕೇಳ್ಸಂಗೆ ಯೋಳು."

ಹೇಳಿದೆ. ಆಮೇಲೆ ಅದೇ ರೂಢಿಯಾಯಿತು. ನಾನು ಹೋದಾಗ ಮನೆಯಲ್ಲಿ ಯಾರೇ ನೆಂಟರಿರಲಿ, ಹಾಲಿನವನೇ ಬಂದಿರಲಿ, "ಬಂದ ನೋಡ್ರಪ್ಪಾ ನಮ್ಮ ಕಳ್ಳ! ಎಲ್ಲಿ, ಏನ್ ಕದ್ದೆ ಯೋಳು" ಎನ್ನುವಳು. ನಾನು ಒಂದನ್ನೂ ಬಿಡದೆ ಹೇಳಬೇಕು. ಅವಳು ಸೆರಗು ಸರಿಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿ ಕೂತು, ಹೊಸ ಸುದ್ದಿಯೆಂಬಂತೆ ಕೇಳುವಳು. ಎಲ್ಲಾದರೂ ನುಂಗಿದರೆ ತಿದ್ದುವಳು. ಹೇಳಿದಷ್ಟೂ ನನಗೂ ಹಗುರಾಗುತ್ತಿತ್ತು.

ಹೋದ ಕಾರ್ತಿಕದಲ್ಲಿ ಚಿಕ್ಕವ್ವ ತೀರಿಕೊಂಡಳು. ಮೊನ್ನೆ ಅವರ ಮನೆಗೆ ಹೋಗಿದ್ದೆ. ಸೊಸೆ "ಬನ್ನಿ ಬಾವ, ಕೂತ್ಕಳಿ" ಎಂದು ಮರ್ಯಾದೆಯಿಂದ ಕುರ್ಚಿ ಹಾಕಿದಳು. ಕಾಫಿ ಕುಡಿದು ಬಹಳ ಹೊತ್ತು ಕೂತೇ ಇದ್ದೆ. ಯಾರೂ ನನ್ನನ್ನು ಕಳ್ಳ ಎನ್ನಲಿಲ್ಲ.